ಕೊರ್ಬಿನಿಯನ್ ಸುತ್ತಿದ ಪಟ್ಟಿ

ಗ್ರಾಟ್ಸ್, ಮೇ ೩

ತಂಗಿ ವಾಲ್ಬುರ್ಗಾ,

ಕಾರ್ಡು ಬರೆ ಎಂದು ನೀನು ಪ್ರಾಣ ಹಿಂಡಿದ್ದಕ್ಕೆ ಬರೆಯುತ್ತಿದ್ದೇನೆ. ಸುತ್ತಿಗೆ ಹಿಡಿದ ಕೈಗೆ ಇದೊಂದು ಶಿಕ್ಷೆ. ನಮ್ಮ ಮನೆಯ ಉದ್ದ ಮರದ ಕಾವಿನ ಈಟಿಗೊಡಲಿಯನ್ನು ಇಲ್ಲಿನ ಆಯುಧಶಾಲೆಯಲ್ಲಿ ಹಳೇ ಆಯುಧಗಳ ಮೂಲ ಪತ್ತೆಮಾಡುವ ಡಾಕ್ಟರಮ್ಮನಿಗೆ ತೋರಿಸಿದೆ. ಅಲಗಿನ ಮೇಲೆ ಕಮ್ಮಾರನ ಮುದ್ರೆ ಇರಬೇಕಾದ ಜಾಗ ಕನ್ನಡಿಯಂತೆ ನುಣುಪಾಗಿದೆ.

“ಅಜ್ಜಾ, ಇದನ್ನ ಈ ಪಾಟಿ ಉಜ್ಜಿದ್ದು ಯಾರು?”

“ನನ್ನ ತಂಗಿ. ವರ್ಷಾ ವರ್ಷಾ ಮೆರವಣಿಗೆಗೆ ಮುಂಚೆ ಇಟ್ಟಿಗೆ ಪುಡಿ ಹಾಕಿ ತಿಕ್ತಾಳೆ. ಅವಳ ಕೈಗೆ ಸಿಕ್ಕಿದ್ರೆ ನಿನ್ನ ಮೂಗೂ ಉಳೀತಿರ್ಲಿಲ್ಲ.”

ಅವಳು ನಕ್ಕು, ಭೂತಗನ್ನಡಿ ಹಿಡಿದು ಅಲಗಿನ ಬುಡ ತೋರಿಸಿದಳು. ನಿನ್ನ ಗಂಡ ಕೊರ್ಬಿನಿಯನ್ ಹೊಸ ಕಾವು ಕೂರಿಸಿ ಸುತ್ತಿದ ಕಬ್ಬಿಣದ ಪಟ್ಟಿಯ ಅಡಿಯಿಂದ ಇನ್ನೊಂದು ಮುದ್ರೆಯ ಎಲೆತುದಿ ಇಣುಕುತ್ತಿದೆ. ಅದು ನಮ್ಮ ಕುಲುಮೆಯ ಬಾಗಿಲ ಮೇಲಿರುವ ಮೂರೆಲೆ ಗುರುತೇ ಆದರೆ, ಇದನ್ನು ಬಡಿದವರು ನಮ್ಮ ಹಿರಿಯರೇ. ಸಂತೆಯಲ್ಲಿ ಕೊಂಡ ಮಾಲು ಎಂದು ಆಡಿಕೊಳ್ಳುವ ಮೇಲಿನ ಬೀದಿಯವರ ಬಾಯಿ ಮುಚ್ಚುತ್ತದೆ.

ಆದರೆ ಪಟ್ಟಿ ಕಿತ್ತರೆ ಕಾವು ಸೀಳಿಹೋಗುತ್ತದೆ. ಅದು ಅವನ ಕೊನೆಯ ಚಳಿಗಾಲದ ಕೆಲಸ, ಕೆಮ್ಮುತ್ತಲೇ ಹೆರೆದದ್ದು. ಡಾಕ್ಟರಮ್ಮ ಇಕ್ಕಳ ಎತ್ತಿದಳು. “ಕೈ ತೆಗಿ, ಇದಕ್ಕೆ ಯಜಮಾನಿ ಬೇರೆ ಇದಾಳೆ” ಎಂದು ಗದರಿದೆ.

ಮಂಡಿ ನೋವು ಹಾಗೇ ಇದೆ. ಇಲ್ಲಿಯ ಸೂಪು ಬರೀ ನೀರು.

ಮೂರೆಲೆ ಬೇಕೋ, ಅವನ ಕಾವು ಬೇಕೋ, ನೀನೇ ಹೇಳು. ಹತ್ತನೇ ತಾರೀಖಿನೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.

ಅಣ್ಣ ರೂಪ್ರೆಕ್ಟ್