ಹುಣಸೆಹಣ್ಣಿನಲ್ಲಿ ತೊಳೆದ ಪದಕ

೯ ಅಕ್ಟೋಬರ್ ೨೦೧೬, ಭಾನುವಾರ. ಸ್ಪ್ರಿಂಗ್‌ಫೀಲ್ಡ್ ಲೇಕ್ಸ್.

ನಾನೇಕೆ ಬಾಯಿ ಬಿಡಲಿಲ್ಲ? ನಾಳೆ ಆಯುಧಪೂಜೆಯೆಂದು ದಾಕ್ಷಾಯಣಿ ಆಂಟಿ ದೀಪಗಳ ಜೊತೆ ಗುರುಮೂರ್ತಿ ಅಂಕಲ್ ಅವರ ಮುನ್ನೂರು ವರ್ಷದ ಕಂಚಿನ ಪದಕಕ್ಕೂ ಹುಣಸೆಹಣ್ಣು ಹಚ್ಚಿ ಉಜ್ಜಿದರು. ನಾನು ಪಕ್ಕದಲ್ಲೇ ದೀಪ ಒರೆಸುತ್ತಿದ್ದೆ.

ಇವರ ಮನೆಯಲ್ಲಿ ಬಾಡಿಗೆಗಿರುವ ನನಗೆ ಅಂಕಲ್ ಹೋದ ವಾರವಷ್ಟೇ ಅದನ್ನು ಭೂತಗನ್ನಡಿಯಲ್ಲಿ ತೋರಿಸಿದ್ದರು. ಯುರೋಪಿನ ಯಾವುದೋ ರಾಜನ ಗೆಲುವಿಗೆ ಎರಕ ಹೊಯ್ದದ್ದು. ರೆಕ್ಕೆಯ ವಿಜಯದೇವತೆ ಎಲೆಯ ಕಿರೀಟ ಹಿಡಿದು ಇಳಿಯುತ್ತಾಳೆ, ಕಾಲಡಿಯಲ್ಲಿ ಸೋತವರ ಗುರಾಣಿಗಳು. ಉಡುಪಿನ ನೆರಿಗೆಗಳಲ್ಲಿ ಕಪ್ಪು ನಿಂತಿದ್ದರಿಂದಲೇ ಅವಳು ನಿಜವಾಗಿ ಹಾರುವಂತಿದ್ದಳು. "ಇದು ಕೊಳೆ ಅಲ್ಲಮ್ಮ, ಶಿಲ್ಪಿ ಬೇಕಂತ್ಲೇ ಕೊಟ್ಟಿರೋ ನೆರಳು" ಎಂದಿದ್ದರು.

"ಯಾವ್ ದೇವೀನೋ ಪಾಪ, ಸ್ನಾನಾನೇ ಕಂಡಿರ್ಲಿಲ್ಲ" ಎನ್ನುತ್ತಾ ಆಂಟಿ ಹೊಳೆಯುವ ಹಣೆಗೆ ಕುಂಕುಮ ಇಟ್ಟರು. "ಚೆನ್ನಾಗಿದೆ ಆಂಟಿ" ಎಂದೆ.

ಸಂಜೆ ಇಪ್ಸ್‌ವಿಚ್‌ನಿಂದ ಡ್ಯೂಟಿ ಮುಗಿಸಿ ಬಂದ ಅಂಕಲ್ ಪದಕವನ್ನು ಬಹಳ ಹೊತ್ತು ತಿರುಗಿಸಿ ನೋಡಿದರು. ನನ್ನನ್ನು ಮಾತ್ರ ಮೆಲ್ಲಗೆ ಕೇಳಿದರು: "ನೀನೂ ಇಲ್ಲೇ ಇದ್ಯೇನಮ್ಮ?"

ಹೂಂ ಎಂದೆ.

ನಾಳೆ ಅದಕ್ಕೆ ಹೂವಿಟ್ಟು ಮಂಗಳಾರತಿ ಮಾಡುತ್ತಾರೆ. ಅಂಕಲ್ ಪಕ್ಕದಲ್ಲಿ ನಾನೂ ಕೈ ಮುಗಿದು ನಿಲ್ಲಬೇಕು.