ಬೀಗದ ಮನೆಗಳು

ಚನ್ನವೀರಾ,

ಹತ್ತಿಮತ್ತೂರಿನಲ್ಲಿ ಒಂದು ಮನೆ ಖಾಲಿ ಇದೆಯಂತೆ, ನೋಡಲು ಹೊರಟಿದ್ದೇನೆ. ಸಂಜೆಯೊಳಗೆ ಬರುತ್ತೇನೆ.

ಅವ್ವನ ಗಂಜಿ ಒಲೆಯ ಮೇಲಿದೆ, ಬಿಸಿ ಮಾಡಿ ಕೊಡು. ಅವಳ ಮುಂದೆ ಕುಳಿತು ಮನೆಯ ಮಾತು ತೆಗೆಯಬೇಡ. ಅವಳಿಗೆ ಬಂದಿರುವುದು ಕ್ಷಯ, ಕಿವುಡಲ್ಲ.

ಮನೆಯ ಮಾಲೀಕರು ಬಂದರೆ ಅಮಾವಾಸ್ಯೆಯೊಳಗೆ ಬಿಡುತ್ತೇವೆ ಎಂದಷ್ಟೇ ಹೇಳು, ಜಗಳಕ್ಕೆ ನಿಲ್ಲಬೇಡ. ಅವ್ವ ಕೆಟ್ಟ ನಕ್ಷತ್ರದಲ್ಲಿ ಹೋದರೆ ಮನೆಗೆ ಆರು ತಿಂಗಳು ಬೀಗ ಹಾಕಬೇಕಲ್ಲ ಎಂಬುದು ಅವರ ಭಯ. ಈ ಸವಣೂರಿನಲ್ಲಿ, ನಮ್ಮ ಓಣಿಯೊಂದರಲ್ಲೇ ಐದು ಮನೆಗಳು ಬಾಡಿಗೆಗೆ ಕೇಳುವವರಿಲ್ಲದೆ ವರ್ಷದಿಂದ ಬೀಗ ಹಾಕಿಕೊಂಡು ಕುಳಿತಿವೆ. ನಮಗೆ ಮಾತ್ರ ಒಂದೂ ಸಿಗುವುದಿಲ್ಲ.

ನಿನ್ನೆಯ ಮನೆ ಕೈತಪ್ಪಿದ್ದು ನನ್ನ ಬಾಯಿಂದಲೇ. ಮನೆಯೊಡತಿ ದಾನವ್ವ ಒಪ್ಪಿ ಕೈಗೆ ಎಲೆ ಅಡಿಕೆ ಕೊಟ್ಟ ಮೇಲೆ, ಮುಂಜಾನೆಯ ಬಿಸಿಲು ಯಾವ ಕೋಣೆಗೆ ಬೀಳುತ್ತದೆ ಎಂದು ಕೇಳಿಬಿಟ್ಟೆ. "ಯಾಕ್ರಿ, ಮನ್ಯಾಗ ಯಾರರ ಹಾಸಿಗಿ ಹಿಡದಾರೇನು?" ಅಂದಳು. ಸುಳ್ಳು ಹೇಳಲಾಗಲಿಲ್ಲ. "ಹಂಗಾದ್ರ ಬ್ಯಾಡ್ರಿ. ನಾಳೆ ಈ ಮನೀ ಯಾರೂ ಕೇಳಂಗಿಲ್ಲ" ಎಂದು, ಕೊಟ್ಟ ಎಲೆಯನ್ನು ನನ್ನ ಕೈಯಿಂದಲೇ ತಿರುಗಿ ತೆಗೆದುಕೊಂಡಳು.

ಇವತ್ತು ಏನು ಹೇಳಬೇಕೆಂದು ಯೋಚಿಸುತ್ತ ಸೀರೆ ಉಡುತ್ತಿದ್ದೆ. ಅವ್ವನಿಗೆ ನಿದ್ದೆ ಹತ್ತಿದೆ ಅಂದುಕೊಂಡಿದ್ದೆ. ಕಣ್ಣು ತೆರೆಯದೆಯೇ ಅಂದಳು, "ಎಷ್ಟ ಮಂದಿ ಅಂತ ಕೇಳಿದ್ರ, ಅಕ್ಕ ತಮ್ಮ ಇಬ್ಬರ ಅಂತ ಹೇಳವ್ವಾ. ನೀವು ಅಲ್ಲಿಗೆ ಹೋಗೂದ್ರೊಳಗ ಅದು ಖರೇ ಆಗಿರತೈತಿ."

ನೀನು ಇವತ್ತು ಹತ್ತಿ ಗಿರಣಿಗೆ ಹೋಗಬೇಡ. ಅವಳ ಹತ್ತಿರ ಕುಳಿತಿರು.

ಅಕ್ಕ