ರಿಂಗಾಗದ ಫೋನಿಗೆ ಬಿದ್ದ ಏಟು

ಸೊಸೆಗೆ,

ಮೊದಲು ‘ಪ್ರೀತಿಯ ಸೊಸೆಗೆ’ ಎಂದೇ ಬರೆದಿದ್ದೆ. ಆಮೇಲೆ ‘ಪ್ರೀತಿಯ’ ಎಂಬುದನ್ನು ಹೊಡೆದುಹಾಕಿದೆ. ಐದು ವರ್ಷ ಒಂದೇ ಸೂರಿನ ಕೆಳಗಿದ್ದು ಒಮ್ಮೆಯೂ ಬಾಯಿಬಿಟ್ಟು ಹೇಳದ ಮಾತನ್ನು ಈಗ ಕಾಗದದಲ್ಲಿ ಕಂಡರೆ ನಿನಗೆ ನಗು ಬಂದೀತು. ಫೋನು ಮಾಡೋಣವೆಂದರೆ ನಿನ್ನ ಫೋನನ್ನು ಜಜ್ಜಿದವಳು ನಾನೇ. ನಿನ್ನ ತಾಯಿಯ ಮನೆಗೆ ಬರೋಣವೆಂದರೆ ಬೀಗಿತ್ತಿ ನನ್ನನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆ, ನಿಲ್ಲಿಸಬೇಕಾದ್ದೇ. ಅದಕ್ಕೇ ಈ ಕಾಗದ. ಗುರುವಾರ ಪರಿಹಾರದ ವಿಚಾರಣೆಗೆ ಹೋಗುವ ಮೊದಲು ಪೂರ್ತಿ ಓದು.

ನಿನ್ನ ಫೋನು ಕಂಡರೆ ನನಗಾಗುತ್ತಿರಲಿಲ್ಲ. ಇದು ನಿನಗೂ ಗೊತ್ತು, ಪಕ್ಕದ ಮನೆಯವರಿಗೂ ಗೊತ್ತು. ಸೋರುವ ನಲ್ಲಿಗೆ ಒಂದು ವಾಷರ್ ತರಲು ದುಡ್ಡಿಲ್ಲದ ಮನೆಯಲ್ಲಿ ಎಂಟು ತಿಂಗಳು ಕಂತು ಕಟ್ಟಿ ಅದನ್ನು ಕೊಂಡೆಯಲ್ಲ, ಅವತ್ತಿನಿಂದ ನನ್ನ ಮೈ ಉರಿಯುತ್ತಿತ್ತು. ಊಟಕ್ಕೆ ಕೂತರೆ ತಟ್ಟೆಯ ಪಕ್ಕ ಅದು, ಮಲಗಿದರೆ ದಿಂಬಿನ ಕೆಳಗೆ ಅದು. ನಾನು ಏನಾದರೂ ಕೇಳಿದರೆ ನೀನು "ಹ್ಞಾಂ ಅತ್ತೆ, ಒಂದ್ನಿಮಿಷ" ಅನ್ನುತ್ತಿದ್ದೆ. ಆ ಒಂದು ನಿಮಿಷ ಮುಗಿದದ್ದನ್ನು ನಾನು ಕಂಡಿಲ್ಲ. "ಕಂತು ಕಟ್ಟಿ ಒಬ್ಬ ಸವತಿಯನ್ನ ಮನೆಗೆ ತಂದುಕೊಂಡಿದ್ದೀಯ ಕಣೇ" ಎಂದು ನಾನು ರೇಗಿಸಿದರೆ, ನೀನು ನಕ್ಕು ಅದನ್ನೇ ಕಿವಿಗೆ ಇಟ್ಟುಕೊಳ್ಳುತ್ತಿದ್ದೆ.

ಅಸಲು ಸಂಗತಿ ಬೇರೆ. ನನ್ನ ಮಗ ಲಾರಿಯ ಮೇಲೆ ತಿಂಗಳಲ್ಲಿ ಇಪ್ಪತ್ತು ದಿನ ಹೊರಗಿರುವವನು. ನೀನು ಫೋನು ಕೊಳ್ಳುವ ಮೊದಲು ಅವನು ವಾರಕ್ಕೊಮ್ಮೆ ನಾವು ದುಡಿಯುವ ಡಬ್ಬಿ ಕಾರ್ಖಾನೆಯ ಗೇಟಿನ ಫೋನಿಗೆ ಮಾಡುತ್ತಿದ್ದ. ಗೇಟಿನವನು ಬಂದು ಕೈಬೀಸಿ ಕರೆದಾಗ ನಾನು ಪ್ರೆಸ್ಸು ನಿಲ್ಲಿಸಿ, ಇಡೀ ಶೆಡ್ಡಿನ ಕಣ್ಣೆದುರು ಮಹಾರಾಣಿಯ ಹಾಗೆ ನಡೆದುಹೋಗುತ್ತಿದ್ದೆ. ನಿನ್ನ ಫೋನು ಬಂದಮೇಲೆ ನನ್ನನ್ನು ಯಾರೂ ಕರೆಯಲಿಲ್ಲ. "ಅತ್ತೆ, ಅವರು ಊಟ ಮಾಡಿದ್ರಂತೆ", "ಅತ್ತೆ, ಟೈರ್ ಪಂಕ್ಚರ್ ಆಯ್ತಂತೆ" ಎಂದು ನನ್ನ ಮಗನ ಸುದ್ದಿಯನ್ನು ನೀನು ನನಗೆ ಹಂಚಿಕೊಡತೊಡಗಿದೆ. ಹೊಟ್ಟೆಕಿಚ್ಚು, ಇನ್ನೇನು. ಐವತ್ತಾರನೇ ವಯಸ್ಸಿನಲ್ಲಿ ಅಂಗೈಯಷ್ಟು ದೊಡ್ಡ ಒಂದು ವಸ್ತುವಿನ ಮೇಲೆ ನನಗೆ ಹೊಟ್ಟೆಕಿಚ್ಚು.

ಈಗ ಆ ದಿನದ ಮಾತು. ನೀನು ನನ್ನ ಎಡಕ್ಕಿದ್ದ ಪ್ರೆಸ್ಸಿನಲ್ಲಿದ್ದೆ. ಡಬ್ಬಿಯ ಮುಚ್ಚಳ ಒತ್ತುವ ಕೆಲಸ: ಅಚ್ಚಿನ, ಅಂದರೆ ಡೈಯ ಮೇಲೆ ತಗಡು ಇಡು, ಪೆಡಲ್ ತುಳಿ, ಮುಚ್ಚಳ ತೆಗೆ. ಆ ಮೆಷಿನ್ನು ಆಗಾಗ ಒಮ್ಮೆ ತುಳಿದರೆ ಎರಡು ಏಟು ಹೊಡೆಯುತ್ತಿತ್ತು. ಇದನ್ನು ನಾವೆಲ್ಲ ಹೇಳಿದ್ದೆವು, ಸೂಪರ್‌ವೈಸರ್ ಗಡಿಯಾರ ನೋಡಿದ್ದ. ಅದಕ್ಕೇ ತಾನೇ ಅವನಿಗೆ ‘ಗಡಿಯಾರಪ್ಪ’ ಎಂದು ಹೆಸರಿಟ್ಟಿದ್ದು! ಅವತ್ತೂ ಎರಡನೇ ಏಟು ಬಿತ್ತು. ನಿನ್ನ ಬಲಗೈ ಒಳಗಿತ್ತು. ಮೂವತ್ತು ವರ್ಷ ತಗಡು ಕತ್ತರಿಸುವ ಸದ್ದು ಕೇಳಿದವಳು ನಾನು. ಆ ಏಟು ತಗಡಿನ ಮೇಲೆ ಬಿದ್ದದ್ದಲ್ಲ ಎಂದು ಪಾದದಡಿ ನಡುಗಿದ ನೆಲದಿಂದಲೇ ಗೊತ್ತಾಯಿತು. ತಿರುಗಿ ನೋಡಿದರೆ ನಿನ್ನ ಬಾಯಿ ತೆರೆದಿದೆ, ಮುಚ್ಚಳಗಳ ರಾಶಿಯ ಮೇಲೆ ರಕ್ತ ಚಿಮ್ಮಿದೆ, ಮೂರು ಬೆರಳು ಡೈಯ ಆಚೆ ಬದಿಯಲ್ಲಿವೆ. ನೀನು ಕುಸಿದಾಗ ಏಪ್ರನ್ನಿನ ಜೇಬಿನಿಂದ ಫೋನು ನೆಲಕ್ಕೆ ಬಿದ್ದು ಅದರ ಬೆಳಕು ಹೊತ್ತಿಕೊಂಡಿತು.

ಅಷ್ಟೇ ಸಾಕಾಯಿತು ನನಗೆ. ಸಿಕ್ಕಿಬಿದ್ದೆಯಾ ಪಾಪಿ ಎಂದು ಆ ಫೋನಿಗೆ ಹೇಳಿಕೊಂಡು ಡೈ ಬಡಿಯುವ ಸುತ್ತಿಗೆ ಎತ್ತಿಕೊಂಡೆ. ಮೊದಲ ಏಟಿಗೆ ಗಾಜು ಪುಡಿಯಾಯಿತು, ಎರಡನೆಯದಕ್ಕೆ ಅದು ಬಾಗಿತು. ಆಮೇಲೆ ಎಷ್ಟು ಹೊಡೆದೆನೋ ನೆನಪಿಲ್ಲ. ಗಾಜಿನ ಚೂರು ನನ್ನ ಗಲ್ಲಕ್ಕೆ ಚುಚ್ಚಿತ್ತು. "ತಿಂದ್ಯಲ್ಲೋ, ನನ್ನ ಸೊಸೆ ಕೈ ತಿಂದ್ಯಲ್ಲೋ!" ಎಂದು ಕಿರುಚುತ್ತ ಹೊಡೆದೆ. ಇಬ್ಬರು ಹೆಂಗಸರು ನಿನ್ನ ಕೈಗೆ ಬಟ್ಟೆ ಸುತ್ತುತ್ತಿದ್ದರು, ಒಬ್ಬಳು ಬೆರಳುಗಳನ್ನು ಆರಿಸುತ್ತಿದ್ದಳು. ನಿನ್ನ ಕೈ ಹಿಡಿಯಬೇಕಾಗಿದ್ದ ಹೊತ್ತಿನಲ್ಲಿ ನಾನು ಸುತ್ತಿಗೆ ಹಿಡಿದಿದ್ದೆ. ನೀನು ಪ್ರಜ್ಞೆ ತಪ್ಪುವ ಮುನ್ನ ನನ್ನ ಕಡೆ ನೋಡಿದೆ. ನಾನು ಅದನ್ನು ನೋಡಿಯೂ ಇನ್ನೊಂದು ಏಟು ಹಾಕಿದೆ.

ಅವತ್ತೇ ಸಂಜೆ ಗಡಿಯಾರಪ್ಪ ಆಸ್ಪತ್ರೆಯ ಮೆಟ್ಟಿಲ ಮೇಲೆ ಒಂದು ಹಾಳೆ ತಂದ. "ಅಮ್ಮಾ, ಫೋನ್ ರಿಂಗಾಯ್ತು, ಅವರು ಆ ಕಡೆ ತಿರುಗಿದ್ರು, ಕೈ ಸಿಕ್ಕಾಕೊಳ್ತು. ನೀವೇ ನೋಡಿದ್ದಲ್ವಾ?" ಎಂದ. ನಾನು ಹೌದೆಂದೆ. ‘ಫೋನು ರಿಂಗಾದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು’ ಎಂದು ಬರೆದಿದ್ದ ಸಾಲಿನ ಕೆಳಗೆ ಸಹಿ ಹಾಕಿದೆ. ಶೆಡ್ಡಿನೊಳಗೆ ಫೋನು ತರಬಾರದೆಂಬ ನಿಯಮವಿದೆಯಂತೆ, ತಂದವರಿಗೆ ಪರಿಹಾರವಿಲ್ಲವಂತೆ. ಇಡೀ ಶೆಡ್ಡೇ ಜೇಬಿನಲ್ಲಿ ಫೋನಿಟ್ಟುಕೊಂಡು ಓಡಾಡುವಾಗ ಯಾರಿಗೂ ನೆನಪಿಗೆ ಬಾರದ ನಿಯಮ ಅದು. ನನ್ನ ಒಂದು ಸಹಿಯಿಂದ ನಿನ್ನ ಮೂರು ಬೆರಳಿಗೆ ಅವರು ಚಿಕ್ಕಾಸೂ ಕೊಡಬೇಕಾಗಿಲ್ಲ ಎಂದಾಯಿತು.

ಮೂರನೇ ದಿನ ನಿನ್ನ ಗಂಡ ಬಂದ. ವಾರ್ಡಿನ ಹೊರಗೆ ನನ್ನನ್ನು ಗೋಡೆಗೆ ಒತ್ತಿ ನಿಲ್ಲಿಸಿ ಕೇಳಿದ. "ಯಾರಮ್ಮ ಫೋನ್ ಮಾಡಿದ್ದು? ನಾನಂತೂ ಬೆಳಿಗ್ಗೆ ಆರೂವರೆಗೆ ಮಾತಾಡಿದ್ದೇ ಕೊನೆ. ಆಮೇಲೆ ಸಿಗ್ನಲ್ಲೇ ಇರ್ಲಿಲ್ಲ" ಎಂದು ತನ್ನ ಫೋನು ತೋರಿಸಿದ. "ಬೇರೆ ಯಾರೋ ಮಾಡಿರಬಹುದು, ನನಗೆ ಕೇಳಿಸ್ತು" ಎಂದೆ. ಅವನು ನನ್ನ ಮುಖವನ್ನೇ ನೋಡಿದ. "ನಿನಗೆ ಕೇಳಿಸ್ತಾ? ನಾನು ಪಕ್ಕದಲ್ಲಿ ಕೂತು ಮೂರು ಸಲ ಕೂಗಿದ್ರೆ ಒಂದ್ಸಲ ಕೇಳಿಸತ್ತೆ ನಿನಗೆ. ಹದಿನಾಲ್ಕು ಪ್ರೆಸ್ಸಿನ ಮಧ್ಯೆ ಅವಳ ಜೇಬಲ್ಲಿದ್ದ ಫೋನ್ ಕೇಳಿಸ್ತಾ?" ಎಂದ. ಅವನ ಮುಷ್ಟಿ ನನ್ನ ಕಿವಿಯ ಪಕ್ಕದ ಗೋಡೆಗೆ ಬಿತ್ತು. ಅದು ನನ್ನ ಮೇಲೆ ಬಿದ್ದಿದ್ದರೆ ಚೆನ್ನಾಗಿತ್ತು.

ಬೇರೆ ಯಾರಾದರೂ ಮಾಡಿದ್ದರೋ ಇಲ್ಲವೋ ಎಂದು ಹೇಳಬಲ್ಲ ಸಾಕ್ಷಿ ಒಂದೇ ಇತ್ತು. ಅದನ್ನೇ ನಾನು ಸುತ್ತಿಗೆಯಿಂದ ಕೊಂದಿದ್ದೆ. ಅಂಗಡಿಗೆ ಒಯ್ದೆ. ರಿಪೇರಿಯವನು ಚೂರುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಅಲ್ಲಾಡಿಸಿ, "ಇದರ ಮೇಲೆ ಲಾರಿ ಹತ್ತಿತ್ತಾ ಅಮ್ಮಾ?" ಎಂದು ಕೇಳಿದ. ಮಧ್ಯಾಹ್ನ ಬುತ್ತಿ ಬಿಚ್ಚಿಕೊಂಡು ನೀನು ಕಿವಿಗಿಟ್ಟುಕೊಂಡು ನಗುತ್ತಿದ್ದ, ನಿನ್ನ ಗಂಡ ರೆಕಾರ್ಡು ಮಾಡಿ ಕಳಿಸಿದ ಮಾತುಗಳೆಲ್ಲ ಅದರಲ್ಲೇ ಇದ್ದವಂತೆ, ಎಲ್ಲೂ ಉಳಿದಿಲ್ಲವಂತೆ. ತಿಂಗಳಲ್ಲಿ ಹತ್ತು ದಿನ ಮಾತ್ರ ಗಂಡನ ಮುಖ ನೋಡುವವಳಿಗೆ ಉಳಿದ ಇಪ್ಪತ್ತು ದಿನದ ಸಂಸಾರ ಅದರೊಳಗಿತ್ತು. ಫೋನಿನಿಂದ ಮನೆ ಹಾಳಾಯಿತು ಎಂದು ಎರಡು ವರ್ಷ ಲೆಕ್ಕ ಒಪ್ಪಿಸಿದ ನಾನು ಈ ಭಾಗವನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಈಗಲೂ ನನಗೆ ಆ ವಸ್ತುವನ್ನು ಕಂಡರೆ ಇಷ್ಟವಿಲ್ಲ, ಸುಳ್ಳು ಹೇಳುವುದಿಲ್ಲ. ಊಟದ ತಟ್ಟೆಯ ಪಕ್ಕ ಅದು ಬೇಡವೇ ಬೇಡ. ಆದರೆ ಅದು ನಿನ್ನ ಕೈ ತಿನ್ನಲಿಲ್ಲ.

ಸೋಮವಾರ ಸಹಿ ವಾಪಸು ಕೇಳಲು ಗಡಿಯಾರಪ್ಪನ ಕೋಣೆಗೆ ಹೋದೆ. ಅವನು ತನ್ನ ಫೋನು ನೋಡುತ್ತಲೇ ಇದ್ದ, ತಲೆ ಎತ್ತಲಿಲ್ಲ. "ಜಾಲರಿ ವಿಷಯ ಎತ್ತಬೇಡಿ ಅಮ್ಮಾ. ಎತ್ತಿದ್ರೆ ಮೊದಲು ಒಳಗೆ ಹೋಗೋದು ನೀವೇ. ಸ್ಪ್ಯಾನರ್ ಯಾರ ಕೈಲಿತ್ತು?" ಎಂದ. ಅವನ ಕೈಯಿಂದ ಫೋನು ಕಿತ್ತುಕೊಂಡು ಅದರಿಂದಲೇ ಅವನ ಮುಖಕ್ಕೆ ಬಾರಿಸಿದೆ. ಮೂಗು ಲಟಕ್ಕೆಂದಿತು, ಅಂಗಿಯೆಲ್ಲ ಕೆಂಪಾಯಿತು. ಫೋನಿಗೂ ಒಂದು ಉಪಯೋಗವಿದೆ ಎಂದು ನನಗೆ ಮೊದಲ ಸಲ ಅನ್ನಿಸಿದ್ದು ಆಗಲೇ. ಕೆಲಸ ಅಲ್ಲಿಗೆ ಹೋಯಿತು. ಪೊಲೀಸರು ಕರೆಸಿ ಒಂದು ದಿನ ಬೆಂಚಿನ ಮೇಲೆ ಕೂರಿಸಿದರು. ಪರವಾಗಿಲ್ಲ.

ಆದರೆ ಅವನು ಹೇಳಿದ್ದು ನಿಜ ಕಣೇ. ಪ್ರೆಸ್ಸಿನ ಬಾಯಿಗೆ ಅಡ್ಡ ಇರುವ ಕಾವಲು ಜಾಲರಿ ಮುಚ್ಚದೆ ಪೆಡಲ್ ಕೆಲಸ ಮಾಡುವುದಿಲ್ಲ, ಎರಡನೇ ಏಟು ಬಿದ್ದರೂ ಕೈ ಹೊರಗಿರುತ್ತದೆ. ಮುಚ್ಚಿ ತೆರೆಯುವುದರಲ್ಲಿ ಹೊತ್ತು ಹೋಗುತ್ತದೆ, ಅದನ್ನೂ ಪೆಡಲಿನ ತಡೆಯನ್ನೂ ಬಿಚ್ಚಿಹಾಕಿ ಎಂದು ಹೇಳಿದ್ದು ಅವನು. ಬಿಚ್ಚಿದ್ದು ನಾನು. ಫಿಟ್ಟರ್ ಬರುವವರೆಗೆ ಕಾಯುವುದೇನು, ಮೂವತ್ತು ವರ್ಷದ ಕೈ ಇದು ಎಂದು ಜಂಬ ಕೊಚ್ಚಿಕೊಂಡು ಮೊದಲು ನನ್ನದನ್ನು ಬಿಚ್ಚಿದೆ, ಆಮೇಲೆ ನಿನ್ನದನ್ನು. "ಬೇಡ ಅತ್ತೆ, ಇರ್ಲಿ ಬಿಡಿ" ಎಂದು ನೀನು ಎರಡು ಸಲ ಹೇಳಿದೆ. "ಹೆದರುಪುಕ್ಕಲಿ" ಎಂದು ಬೈದೆ. ನಾಲ್ಕು ಬೋಲ್ಟು. ಒಂದೊಂದನ್ನೂ ತೆಗೆದು ನಿನ್ನ ಅಂಗೈಯಲ್ಲಿ ಇಡುತ್ತ ಹೋದೆ. ಅದೇ ಬಲಗೈ. ಸುತ್ತಿಗೆ ಎತ್ತಿದಾಗ ನನಗೆ ಇದು ಗೊತ್ತಿತ್ತು. ಎದೆಯೊಳಗೆ ಗೊತ್ತಿದ್ದುದರಿಂದಲೇ ಅಷ್ಟು ಜೋರಾಗಿ ಹೊಡೆದೆ.

ಮೊದಲ ವಿಚಾರಣೆಯಲ್ಲಿ ಅಧಿಕಾರಿ ನಿನ್ನನ್ನು ಕೇಳಿದರಂತೆ, ಮೆಷಿನ್ನಿಗೆ ಜಾಲರಿ ಇತ್ತಾ ಎಂದು. "ನೆನಪಿಲ್ಲ ಸಾರ್" ಎಂದೆಯಂತೆ. ಜಾಲರಿ ಇರಲಿಲ್ಲ ಎಂದಿದ್ದರೆ ನಿನಗೆ ಪರಿಹಾರ ಸಿಗುತ್ತಿತ್ತು. ಆದರೆ ಬಿಚ್ಚಿದ್ದು ಯಾರು ಎಂಬುದು ಮುಂದಿನ ಪ್ರಶ್ನೆಯಾಗುತ್ತಿತ್ತು. ನಾನು ನಿನ್ನ ವಿರುದ್ಧ ಸಹಿ ಹಾಕಿ ಕೂತಿದ್ದಾಗ ನೀನು ಅರ್ಧ ಕೈ ಮಡಿಲಲ್ಲಿಟ್ಟುಕೊಂಡು ನನ್ನನ್ನು ಉಳಿಸಿದೆ. ಇದನ್ನು ಮಗ ಹೇಳಿದ ಮೇಲೆಯೇ ಈ ಕಾಗದ ಬರೆಯಲು ಕೂತೆ.

ಗುರುವಾರ ನಾನೂ ಬರುತ್ತೇನೆ. ಏನೂ ಕೇಳಿಸಲಿಲ್ಲ, ಸಹಿ ಸುಳ್ಳು, ಜಾಲರಿ ಬಿಚ್ಚಿದವಳು ನಾನು ಎಂದು ಹೇಳುತ್ತೇನೆ. ಗಡಿಯಾರಪ್ಪನ ಮೂಗು ಮುರಿದ ಮುದುಕಿಯ ಮಾತು ಹಗೆಯ ಮಾತು ಎಂದು ಕಾರ್ಖಾನೆಯ ವಕೀಲ ತಳ್ಳಿಹಾಕುತ್ತಾನೆ. ಅದಕ್ಕೇ ನಿನ್ನ ಬಾಯಿಂದ ಬರಬೇಕು. ಅಧಿಕಾರಿ ಮತ್ತೆ ಕೇಳಿದಾಗ ನನ್ನ ಮುಖ ನೋಡಿ ಕರಗಬೇಡ. ನೆನಪಿಲ್ಲ ಎನ್ನಬೇಡ. ನಮ್ಮತ್ತೆ ಬಿಚ್ಚಿದರು ಎಂದು ಹೇಳು. ಯಾರು ನಿಮ್ಮತ್ತೆ ಎಂದು ಕೇಳಿದರೆ ಬ್ಯಾಂಡೇಜು ಸುತ್ತಿದ ಆ ಕೈಯನ್ನೇ ಎತ್ತಿ ನನ್ನನ್ನು ತೋರಿಸು.

ನೋವಿಲ್ಲದ ನಿದ್ದೆ ನಿನಗೆ ಬೇಗ ಬರಲಿ, ಉಳಿದ ಎರಡು ಬೆರಳಿಗೆ ನನ್ನ ಆಯಸ್ಸು ತಗುಲಲಿ.

ಇಂತಿ,
ನಿನ್ನ ಅತ್ತೆ